ಉಗಿಬಂಡಿಯ ಜೀರ್ಣೋದ್ಧಾರ: ‘ಫೇರಿ ಕ್ವೀನ್’ ಎಂಜಿನಿನ ಕಥನ

ಹಳೆಯದನ್ನು ಕಾಪಾಡುವುದಕ್ಕೆ ಎರಡು ಮಾರ್ಗಗಳುಂಟು. ಬಳಕೆಯಿಂದ ಬಿಡಿಸಿ, ಬಿಸಿಲು ಮಳೆ ತಾಗದಂತೆ ಒಂದೆಡೆ ಇರಿಸಿ, ನೋಡಬಂದವರಿಗೆ ದೂರದಿಂದ ತೋರಿಸುವುದು ಒಂದು. ಶಿಥಿಲವಾದ ಅಂಗಗಳನ್ನು ಸರಿಪಡಿಸಿ, ಅದು ಹಿಂದೆ ಮಾಡುತ್ತಿದ್ದ ಕೆಲಸವನ್ನೇ ಮತ್ತೆ ಅದರಿಂದ ಮಾಡಿಸುವುದು ಇನ್ನೊಂದು. ದೇವಾಲಯಗಳ ವಿಷಯದಲ್ಲಿ ಎರಡನೆಯದನ್ನು ಜೀರ್ಣೋದ್ಧಾರವೆಂದು ಕರೆಯುವ ರೂಢಿ ಬಹು ಪ್ರಾಚೀನವಾದುದು. ಕಬ್ಬಿಣ, ತಾಮ್ರ, ಬೆಂಕಿ, ನೀರುಗಳಿಂದಾದ ಒಂದು ಯಂತ್ರಕ್ಕೂ ಇಂತಹ ಜೀರ್ಣೋದ್ಧಾರ ಸಾಧ್ಯವೇ? ಸಾಧ್ಯವಾದರೆ ಅದರಿಂದ ಲಾಭವೇನು, ಅಪಾಯವೇನು? ಈ ಪ್ರಶ್ನೆಗಳಿಗೆ ಉತ್ತರ ಹುಡುಕುವವರಿಗೆ ಭಾರತದ ರೈಲ್ವೆಯ ಚರಿತ್ರೆಯಲ್ಲಿ ‘ಫೇರಿ ಕ್ವೀನ್’ ಎಂಬ ಉಗಿ ಎಂಜಿನಿಗಿಂತ ಮಿಗಿಲಾದ ನಿದರ್ಶನ ದೊರೆಯಲಾರದು. 1855ರಲ್ಲಿ ನಿರ್ಮಾಣಗೊಂಡು, 1909ರಲ್ಲಿ ನಿವೃತ್ತಿ ಹೊಂದಿ, 88 ವರ್ಷಗಳ ಕಾಲ ನಿಶ್ಚಲವಾಗಿದ್ದು, 1997ರಲ್ಲಿ ಮರಳಿ ಹಳಿಯನ್ನೇರಿ ಪ್ರವಾಸಿಗಳನ್ನು ಕೂಡಿಸಿಕೊಂಡು ಓಡಿದ ಎಂಜಿನು ಇದು.

ಜನನ ಮತ್ತು ದುಡಿಮೆ

ಭಾರತದಲ್ಲಿ ಪ್ರಯಾಣಿಕರ ರೈಲು ಮೊದಲು ಓಡಿದ್ದು 1853ರ ಏಪ್ರಿಲ್ 16ರಂದು, ಮುಂಬಯಿಯ ಬೋರಿ ಬಂದರಿನಿಂದ ಠಾಣೆಗೆ. ಅಂದಿನ ಪಯಣ ಕೇವಲ 34 ಕಿಲೋಮೀಟರ್. ಮರುವರ್ಷ, ಅಂದರೆ 1854ರ ಆಗಸ್ಟ್ 15ರಂದು, ಪೂರ್ವ ಭಾಗದಲ್ಲಿ ಈಸ್ಟ್ ಇಂಡಿಯನ್ ರೈಲ್ವೆ ಕಂಪೆನಿಯು ಹೌರಾದಿಂದ ಹೂಗ್ಲಿಗೆ ರೈಲನ್ನೋಡಿಸಿತು. ಆ ಕಂಪೆನಿಯ ಆರಂಭ ಅಷ್ಟೇನೂ ಸುಗಮವಾಗಿರಲಿಲ್ಲ. ಎಂಜಿನನ್ನು ಹೊತ್ತ ಹಡಗು ದಾರಿ ತಪ್ಪಿ ಆಸ್ಟ್ರೇಲಿಯಕ್ಕೆ ಹೋಯಿತು. ಗಾಡಿಗಳನ್ನು ಹೊತ್ತ ಹಡಗು ಗಂಗೆಯ ಮುಖದಲ್ಲಿ ಮುಳುಗಿತು. ಈ ಅಡೆತಡೆಗಳನ್ನು ದಾಟಿ, 1855ರ ಫೆಬ್ರವರಿಯಲ್ಲಿ ಮಾರ್ಗವು ರಾಣಿಗಂಜಿನವರೆಗೆ ಮುಟ್ಟಿತು. ರಾಣಿಗಂಜು ಕಲ್ಲಿದ್ದಲ ಗಣಿಗಳ ನಾಡು. ಉಗಿಬಂಡಿಗೆ ಆಹಾರ ಕಲ್ಲಿದ್ದಲು. ಅದನ್ನು ರೇವುಪಟ್ಟಣಕ್ಕೆ ಸಾಗಿಸುವುದಕ್ಕೂ ಉಗಿಬಂಡಿಯೇ ಬೇಕು. ಹೀಗೆ ಪರಸ್ಪರಾಶ್ರಯದಿಂದ ಆ ಮಾರ್ಗ ಬೆಳೆಯಿತು.

ಆ ಮಾರ್ಗಕ್ಕಾಗಿಯೇ ಇಂಗ್ಲೆಂಡಿನ ಲೀಡ್ಸ್ ನಗರದ ಕಿಟ್ಸನ್, ಥಾಂಪ್ಸನ್ ಮತ್ತು ಹ್ಯೂಯಿಟ್ಸನ್ ಎಂಬ ಕಾರ್ಖಾನೆಯವರು 1855ರಲ್ಲಿ ನಿರ್ಮಿಸಿ ಕಳುಹಿಸಿದ ಎಂಜಿನುಗಳಲ್ಲಿ ಇದೂ ಒಂದು. ಕಲ್ಕತ್ತೆಗೆ ಬಂದಿಳಿದಾಗ ಅದಕ್ಕೆ ಹೆಸರಿರಲಿಲ್ಲ. 22 ಎಂಬ ಸಂಖ್ಯೆ ಮಾತ್ರವಿತ್ತು. ಕಿನ್ನರಲೋಕದ ರಾಣಿ ಎಂಬರ್ಥದ ‘ಫೇರಿ ಕ್ವೀನ್’ ಎಂಬ ನಾಮಕರಣವಾದದ್ದು ನಲವತ್ತು ವರ್ಷಗಳ ತರುವಾಯ, 1895ರಲ್ಲಿ. ಹೌರಾ ರಾಣಿಗಂಜುಗಳ ನಡುವೆ ಹಗುರವಾದ ಅಂಚೆಬಂಡಿಗಳನ್ನು ಎಳೆಯುವುದು ಇದರ ಮೊದಲ ಕೆಲಸ. 1857ರ ಮಹಾಸಂಗ್ರಾಮದ ಕಾಲದಲ್ಲಿ ಆಂಗ್ಲ ಸೇನೆಯ ತುಕಡಿಗಳನ್ನು ಸಾಗಿಸುವುದಕ್ಕೂ ಇದನ್ನು ಬಳಸಲಾಯಿತು. ಯಂತ್ರಕ್ಕೆ ಸ್ವಪಕ್ಷ ಪರಪಕ್ಷಗಳ ವಿವೇಕವಿಲ್ಲ. ಕಾಗದವನ್ನು ಹೊತ್ತ ಬಂಡಿಯೇ ಸೈನ್ಯವನ್ನೂ ಹೊತ್ತಿತು. ಮುಂದೆ ಹೆಚ್ಚು ಶಕ್ತಿಯ ಎಂಜಿನುಗಳು ಬಂದ ಮೇಲೆ ಇದನ್ನು ಬಿಹಾರದ ಕಡೆಗೆ ಹೊಸ ಮಾರ್ಗ ಹಾಕುವ ಕೆಲಸಕ್ಕೆ ಕಳುಹಿಸಿದರು. ಅಲ್ಲಿಯೇ ದುಡಿದು, ಒಟ್ಟು 54 ವರ್ಷಗಳ ಸೇವೆಯ ನಂತರ 1909ರಲ್ಲಿ ಅದು ವಿಶ್ರಾಂತಿ ಪಡೆಯಿತು.

ನಮ್ಮ ನಾಡಿನ ಕಾಲಮಾನದೊಂದಿಗೆ ಇದನ್ನು ಹೋಲಿಸಿದರೆ ಈ ಎಂಜಿನಿನ ವಯಸ್ಸು ಮನದಟ್ಟಾಗುತ್ತದೆ. ಜೋಲಾರಪೇಟೆಯಿಂದ ಬೆಂಗಳೂರು ದಂಡಿಗೆ ಮೊದಲ ರೈಲು ಬಂದದ್ದು 1864ರಲ್ಲಿ. ಬೆಂಗಳೂರಿನ ಜನ ಉಗಿಬಂಡಿಯ ಸಿಳ್ಳನ್ನು ಕೇಳುವ ವೇಳೆಗೆ ಈ ಎಂಜಿನು ಒಂಬತ್ತು ವರ್ಷಗಳ ಅನುಭವಸ್ಥನಾಗಿತ್ತು.

ಅಂಗರಚನೆ

ಇಂದಿನ ಕಣ್ಣಿಗೆ ಇದು ಅತಿ ಚಿಕ್ಕ ಯಂತ್ರ. ತೂಕ 26 ಟನ್ನು. ಶಕ್ತಿ ಸುಮಾರು 130 ಅಶ್ವಸಾಮರ್ಥ್ಯ. ಪರಮಾವಧಿ ವೇಗ ಗಂಟೆಗೆ 40 ಕಿಲೋಮೀಟರ್. ಎರಡು ಮಗ್ಗುಲಲ್ಲಿ ಹೊರಗೆ ಕಾಣುವಂತೆ ಒಂದೊಂದು ಸಿಲಿಂಡರು, 12 ಅಂಗುಲ ವ್ಯಾಸ, ಪಿಸ್ಟನ್ನಿನ ಓಟ 22 ಅಂಗುಲ. ಮುಂದೊಂದು ಜೊತೆ ಚಿಕ್ಕ ಗಾಲಿ, ಹಿಂದೊಂದು ಜೊತೆ ಚಿಕ್ಕ ಗಾಲಿ, ನಡುವೆ ಆರು ಅಡಿ ವ್ಯಾಸದ ಒಂದೇ ಜೊತೆ ದೊಡ್ಡ ಗಾಲಿ. ನಡುವಿನ ಆ ಗಾಲಿಗಳಿಗೆ ಮಾತ್ರ ಉಗಿಯ ಬಲ ಮುಟ್ಟುತ್ತದೆ. ಉಳಿದವು ಭಾರ ಹೊರುವುದಕ್ಕಷ್ಟೆ. ಇಂತಹ ಎಂಜಿನು ಸಮತಟ್ಟಾದ ದಾರಿಯಲ್ಲಿ ಲಘುವಾಗಿ ಓಡಬಲ್ಲುದು. ಆದರೆ ಎಳೆಯುವ ಹಿಡಿತವೆಲ್ಲ ಒಂದೇ ಅಚ್ಚಿನ ಮೇಲೆ ಬಿದ್ದ ಭಾರವನ್ನು ಅವಲಂಬಿಸಿರುವುದರಿಂದ ಹೆಚ್ಚು ಗಾಡಿಗಳನ್ನು ಕಟ್ಟಿದರೆ ಗಾಲಿ ಹಳಿಯ ಮೇಲೆ ಜಾರಿ ತಿರುಗುತ್ತದೆ. ಪುನರುದ್ಧಾರವಾದ ಮೇಲೆ ಇದಕ್ಕೆ ಎರಡೇ ಗಾಡಿಗಳನ್ನು ಕಟ್ಟಿದ್ದರ ಮರ್ಮ ಇದೇ.

ಉಗಿಯ ಕಾರ್ಯವಿಧಾನವನ್ನು ಶಾಲೆಯ ಬಾಲಕರಿಗೂ ತಿಳಿಯುವಂತೆ ಹೇಳಬಹುದು. ನೀರು ಉಗಿಯಾದಾಗ ಸಾಮಾನ್ಯ ವಾಯುಭಾರದಲ್ಲಿ ಸುಮಾರು ಸಾವಿರದಾರುನೂರು ಪಾಲು ಹಿಗ್ಗುತ್ತದೆ. ಹಿಗ್ಗಲು ಎಡೆಗೊಡದೆ ಗಟ್ಟಿಯಾದ ಬಾಯ್ಲರಿನಲ್ಲಿ ಬಂಧಿಸಿದರೆ ಅದು ಒತ್ತಡವಾಗಿ ಪರಿಣಮಿಸುತ್ತದೆ. ಕುಲುಮೆಯ ಬಿಸಿಗಾಳಿಯು ಬಾಯ್ಲರಿನೊಳಗಿನ ಹಲವು ನಳಿಗೆಗಳ ಮೂಲಕ ಹಾಯ್ದು, ಸುತ್ತಲಿನ ನೀರನ್ನು ಕಾಯಿಸಿ, ಮುಂದಿನ ಹೊಗೆಗೂಡನ್ನು ಸೇರುತ್ತದೆ. ಒತ್ತಡದ ಉಗಿಯನ್ನು ಕವಾಟವು ಪಿಸ್ಟನ್ನಿನ ಈ ಬದಿಗೊಮ್ಮೆ, ಆ ಬದಿಗೊಮ್ಮೆ ಬಿಡುತ್ತದೆ. ಹಿಂದು ಮುಂದಾದ ಈ ಚಲನೆಯನ್ನು ದಂಡವೊಂದು ಗಾಲಿಯ ತಿರುಗಾಟವನ್ನಾಗಿ ಮಾರ್ಪಡಿಸುತ್ತದೆ. ಕೆಲಸ ಮುಗಿಸಿದ ಉಗಿ ವ್ಯರ್ಥವಾಗುವುದಿಲ್ಲ. ಹೊಗೆಕೊಳವಿಯ ಬುಡದಲ್ಲಿ ರಭಸದಿಂದ ಮೇಲಕ್ಕೆ ಚಿಮ್ಮಿ, ಹೊಗೆಯನ್ನು ತನ್ನೊಡನೆ ಎಳೆದೊಯ್ದು, ಕುಲುಮೆಗೆ ಹೊಸ ಗಾಳಿ ನುಗ್ಗುವಂತೆ ಮಾಡುತ್ತದೆ. ಆದ್ದರಿಂದ ಎಂಜಿನು ಹೆಚ್ಚು ಶ್ರಮಪಟ್ಟಷ್ಟೂ ಬೆಂಕಿ ತಾನಾಗಿ ಪ್ರಜ್ವಲಿಸುತ್ತದೆ. ಜನ ‘ಚುಕುಬುಕು’ ಎಂದು ಅನುಕರಿಸುವ ಧ್ವನಿ ಹೀಗೆ ಉಗಿ ಹೊರಚಿಮ್ಮುವ ಧ್ವನಿಯೇ ಆಗಿದೆ.

ಇಲ್ಲೊಂದು ಲೆಕ್ಕವನ್ನು ಅಧ್ಯಾಪಕರು ತರಗತಿಯಲ್ಲಿ ಮಾಡಿಸಬಹುದು. ಆರು ಅಡಿ ವ್ಯಾಸದ ಗಾಲಿಯ ಸುತ್ತಳತೆ ಸುಮಾರು 5.75 ಮೀಟರ್. ಎರಡು ಸಿಲಿಂಡರುಗಳ ಎಂಜಿನಿನಲ್ಲಿ ಗಾಲಿ ಒಂದು ಸುತ್ತು ತಿರುಗಿದರೆ ನಾಲ್ಕು ಬಾರಿ ಉಗಿ ಹೊರಬೀಳುತ್ತದೆ. ದೆಹಲಿಯಿಂದ ಅಲ್ವರಿಗೆ 143 ಕಿಲೋಮೀಟರ್. ಅಷ್ಟು ದೂರ ಕ್ರಮಿಸಲು ಗಾಲಿಯು ಸುಮಾರು 25,000 ಸುತ್ತು ತಿರುಗಬೇಕು. ಎಂಜಿನು ಸುಮಾರು ಒಂದು ಲಕ್ಷ ಬಾರಿ ಉಸಿರ್ಗರೆಯಬೇಕು. ಪ್ರತಿಯೊಂದು ಉಸಿರಿಗೂ ಪಿಸ್ಟನ್ನು, ಕವಾಟ, ದಂಡ, ಅಚ್ಚುಗಳು ಅಷ್ಟಷ್ಟೇ ಸವೆಯುತ್ತವೆ. ಹಳೆಯ ಯಂತ್ರವನ್ನು ಓಡಿಸುವುದೆಂದರೆ ಅದನ್ನು ಸವೆಸುವುದು ಎಂಬ ಮಾತಿನ ಅರ್ಥ ಇದರಿಂದ ಸ್ಪಷ್ಟವಾಗುತ್ತದೆ.

ಪೀಠವೇರಿದ ಕಾಲ

ನಿವೃತ್ತಿಯ ತರುವಾಯ ಈ ಎಂಜಿನನ್ನು ಒಡೆದು ಕಬ್ಬಿಣದ ಬೆಲೆಗೆ ಮಾರಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಅಂದಿನ ಪದ್ಧತಿಯೇ ಅದು. ಆದರೆ ಇದರ ಪುಣ್ಯವಿಶೇಷದಿಂದ ಹೌರಾ ನಿಲ್ದಾಣದ ಹೊರಗೆ ಪೀಠವೊಂದರ ಮೇಲೆ ಇದನ್ನು ನಿಲ್ಲಿಸಿದರು. ಅಲ್ಲಿ 34 ವರ್ಷಗಳು ಕಳೆದವು. 1943ರಲ್ಲಿ ಉತ್ತರ ಪ್ರದೇಶದ ಚಂದೌಸಿಯಲ್ಲಿದ್ದ ರೈಲ್ವೆ ತರಬೇತಿ ಶಾಲೆಗೆ ಸಾಗಿಸಲಾಯಿತು. ಅಲ್ಲಿ ಕಲಿಯಲು ಬಂದ ತರುಣರಿಗೆ ಇದು ಕುತೂಹಲದ ವಸ್ತುವಾಯಿತು. 1972ರಲ್ಲಿ ಭಾರತ ಸರ್ಕಾರವು ಇದನ್ನು ರಾಷ್ಟ್ರೀಯ ನಿಧಿಯೆಂದು ಸಾರಿತು. ದೆಹಲಿಯ ಚಾಣಕ್ಯಪುರಿಯಲ್ಲಿ 1977ರ ಫೆಬ್ರವರಿ 1ರಂದು ರೈಲು ವಸ್ತುಸಂಗ್ರಹಾಲಯವು ತೆರೆದಾಗ ಅಲ್ಲಿ ಇದಕ್ಕೆ ಗೌರವದ ಸ್ಥಾನ ದೊರಕಿತು.

ಇತ್ತ ಉಗಿಯ ಯುಗವೇ ಅಸ್ತಮಿಸುತ್ತಿತ್ತು. ಚಿತ್ತರಂಜನ್ ಕಾರ್ಖಾನೆಯಿಂದ ಅಗಲಹಳಿಯ ಕೊನೆಯ ಉಗಿ ಎಂಜಿನು 1970ರಲ್ಲಿ ಹೊರಬಂತು. ಅದಕ್ಕಿಟ್ಟ ಹೆಸರು ‘ಅಂತಿಮ್ ಸಿತಾರಾ’, ಎಂದರೆ ಕಡೆಯ ತಾರೆ. ಮೀಟರ್ ಹಳಿಯ ಕೊನೆಯ ಉಗಿ ಎಂಜಿನು 1972ರಲ್ಲಿ ಸಿದ್ಧವಾಯಿತು. ಡೀಸೆಲ್ ಮತ್ತು ವಿದ್ಯುತ್ತಿನ ಎಂಜಿನುಗಳು ದೇಶವನ್ನು ವ್ಯಾಪಿಸಿ, ಅಗಲಹಳಿಯ ಮುಖ್ಯಮಾರ್ಗಗಳಲ್ಲಿ ಉಗಿಯ ಸೇವೆ 1995ರ ಡಿಸೆಂಬರಿನಲ್ಲಿ ನಿಂತುಹೋಯಿತು. ಡಾರ್ಜೀಲಿಂಗ್, ನೀಲಗಿರಿಗಳಂತಹ ಬೆಟ್ಟದ ಮಾರ್ಗಗಳಲ್ಲಿ ಉಗಿ ಉಳಿದುಕೊಂಡಿತು. ಮೈಸೂರಿನಲ್ಲಿ 1979ರಲ್ಲಿ ಸ್ಥಾಪನೆಯಾದ ರೈಲು ವಸ್ತುಸಂಗ್ರಹಾಲಯಕ್ಕೆ ಮಕ್ಕಳನ್ನು ಕರೆದೊಯ್ದ ಅಧ್ಯಾಪಕರು ಅಲ್ಲಿ ಉಗಿ ಎಂಜಿನುಗಳನ್ನು ಮುಟ್ಟಿ ನೋಡಿರಬಹುದು. ಆದರೆ ತಣ್ಣಗಿರುವ ಬಾಯ್ಲರನ್ನು ಮುಟ್ಟುವುದು ಬೇರೆ, ಕಾದ ಬಾಯ್ಲರಿನ ಸಮೀಪದಲ್ಲಿ ನಿಲ್ಲುವುದು ಬೇರೆ.

ಉದ್ಧಾರಕಾರ್ಯ

ಮದರಾಸಿನ ಪೆರಂಬೂರಿನಲ್ಲಿರುವ ರೈಲ್ವೆ ಕಾರ್ಯಾಗಾರದ ಕುಶಲಕರ್ಮಿಗಳಿಗೆ ಈ ಎಂಜಿನನ್ನು ಓಡುವ ಸ್ಥಿತಿಗೆ ತರುವ ಹೊಣೆ ಬಂತು. ಕೆಲಸದ ತೊಡಕನ್ನು ಅರಿಯಬೇಕಾದರೆ ಬಾಯ್ಲರಿನ ಸ್ವಭಾವವನ್ನು ತಿಳಿಯಬೇಕು. ಒತ್ತಡ ಹೆಚ್ಚಿದಂತೆಲ್ಲ ನೀರಿನ ಕುದಿಬಿಂದುವೂ ಏರುತ್ತದೆ. ಆದುದರಿಂದ ಬಾಯ್ಲರಿನೊಳಗಿನ ನೀರು ನೂರು ಡಿಗ್ರಿಯನ್ನು ಬಹುವಾಗಿ ಮೀರಿ ಕಾದಿರುತ್ತದೆ. ತಗಡು ಎಲ್ಲಿಯಾದರೂ ಒಡೆದು ಒತ್ತಡ ಥಟ್ಟನೆ ಇಳಿದರೆ ಆ ನೀರಿನ ಒಂದು ಪಾಲು ಅರೆಕ್ಷಣದಲ್ಲಿ ಉಗಿಯಾಗಿ ಸಿಡಿಯುತ್ತದೆ. ಹಳೆಯ ಕಾಲದ ಬಾಯ್ಲರು ಸ್ಫೋಟಗಳಲ್ಲಿ ಜನ ಸತ್ತದ್ದು ಈ ಕಾರಣದಿಂದ. ತುಕ್ಕು ತಗಡಿನ ಒಳಮೈಯನ್ನು ತಿಂದಿದ್ದರೂ ಹೊರಮೈ ಬಣ್ಣ ಬಳಿದು ಥಳಥಳಿಸುತ್ತಿರಬಹುದು. ಪೀಠದ ಮೇಲೆ ಶೋಭಿಸುವ ಎಂಜಿನನ್ನು ನಂಬಿ ಬೆಂಕಿಯಿಡುವುದು ಆತ್ಮಘಾತಕ್ಕೆ ಸಮಾನ.

ಇಂತಹ ಯಂತ್ರವನ್ನು ಉದ್ಧರಿಸುವವರು ಮೊದಲು ಅದರ ಮೇಲಿನ ಕವಚಗಳನ್ನೆಲ್ಲ ಬಿಚ್ಚಿ ತಗಡಿನ ದಪ್ಪವನ್ನು ಅಂಗುಲ ಅಂಗುಲವಾಗಿ ಅಳೆಯುತ್ತಾರೆ. ನಳಿಗೆಗಳನ್ನು ಕಳಚಿ ಹೊಸವನ್ನು ಕೂಡಿಸುತ್ತಾರೆ. ಕುಲುಮೆಯ ಗೋಡೆಗೂ ಹೊರಗೋಡೆಗೂ ನಡುವೆ ಬಿಗಿದ ಸಲಾಕೆಗಳನ್ನು ಒಂದೊಂದಾಗಿ ಬಡಿದು ಅವುಗಳ ನಾದದಿಂದ ಬಿರುಕನ್ನು ಗುರುತಿಸುತ್ತಾರೆ. ಆ ಬಳಿಕ ಬಾಯ್ಲರನ್ನು ತಣ್ಣೀರಿನಿಂದ ತುಂಬಿ, ನಿಜವಾಗಿ ಬಳಸುವ ಒತ್ತಡಕ್ಕಿಂತ ಹೆಚ್ಚಿನ ಒತ್ತಡಕ್ಕೆ ಒಳಪಡಿಸುತ್ತಾರೆ. ತಣ್ಣೀರು ಉಗಿಯಂತೆ ಹಿಗ್ಗದು. ಪರೀಕ್ಷೆಯಲ್ಲಿ ತಗಡು ಸೋತರೆ ನೀರು ಸೋರುತ್ತದೆಯೇ ಹೊರತು ಸಿಡಿಯುವುದಿಲ್ಲ. ಇದರಲ್ಲಿ ಗೆದ್ದ ಬಳಿಕವೇ ಬೆಂಕಿಗೆ ಅಪ್ಪಣೆ. ಕುಲುಮೆಯ ನೆತ್ತಿಯ ಮೇಲೆ ಸದಾ ನೀರು ನಿಂತಿರಬೇಕು. ನೀರು ತಗ್ಗಿದರೆ ನೆತ್ತಿಯ ತಗಡು ಕೆಂಪಗೆ ಕಾದು ಕುಸಿಯುತ್ತದೆ. ಅದಕ್ಕಾಗಿ ಅಲ್ಲಿ ಸೀಸದ ತಿರುಳಿನ ಬಿರಡೆಯನ್ನು ಕೂಡಿಸುವ ಪದ್ಧತಿಯುಂಟು. ನೀರು ಸರಿದೊಡನೆ ಸೀಸ ಕರಗಿ, ಉಗಿ ಕುಲುಮೆಯೊಳಕ್ಕೆ ಚಿಮ್ಮಿ, ಚಾಲಕನನ್ನು ಎಚ್ಚರಿಸುತ್ತದೆ.

ಕಾಲದ ಅಂತರವೂ ಒಂದು ತೊಡಕೇ. ಒತ್ತಡದಲ್ಲಿರುವ ಬಾಯ್ಲರಿಗೆ ಉಗಿಯ ಬಲದಿಂದಲೇ ನೀರೂಡುವ ಇಂಜೆಕ್ಟರ್ ಎಂಬ ಉಪಕರಣವನ್ನು ಫ್ರಾನ್ಸಿನ ಜಿಫಾರ್ ಎಂಬಾತ ಕಂಡುಹಿಡಿದದ್ದು 1858ರಲ್ಲಿ. ಈ ಎಂಜಿನು ಹುಟ್ಟಿ ಮೂರು ವರ್ಷಗಳಾದ ಮೇಲೆ. ಅದಕ್ಕೆ ಮುನ್ನ ಎಂಜಿನಿನ ಚಲನೆಯಿಂದಲೇ ನಡೆಯುವ ಪಂಪುಗಳನ್ನು ನಂಬಬೇಕಿತ್ತು; ಬಂಡಿ ನಿಂತಿದ್ದರೆ ನೀರೂಡುವುದು ದುಸ್ತರವಾಗಿತ್ತು. ರೈಲಿನುದ್ದಕ್ಕೂ ಏಕಕಾಲದಲ್ಲಿ ಹಿಡಿಯುವ ಬ್ರೇಕುಗಳೂ ಆ ಕಾಲದಲ್ಲಿ ರೂಢಿಗೆ ಬಂದಿರಲಿಲ್ಲ. ಆದರೆ 1997ರ ಹಳಿಗಳ ಮೇಲೆ ವೇಗದ ರೈಲುಗಳ ನಡುವೆ ಪ್ರಯಾಣಿಕರನ್ನು ಒಯ್ಯುವ ಬಂಡಿ 1855ರ ಸುರಕ್ಷತೆಯಿಂದ ತೃಪ್ತಿ ಪಡುವಂತಿಲ್ಲ. ಹಳೆಯ ರೂಪಕ್ಕೆ ಭಂಗ ಬಾರದಂತೆ ಹೊಸ ರಕ್ಷಣೆಯನ್ನು ಅಳವಡಿಸುವುದೇ ಉದ್ಧಾರಕನ ಜಾಣ್ಮೆಯ ಒರೆಗಲ್ಲು.

ಪ್ರವಾಸಿಗಳ ಬಂಡಿ

1997ರಲ್ಲಿ ‘ಫೇರಿ ಕ್ವೀನ್’ ಮತ್ತೆ ತನ್ನ ಬಲದಿಂದಲೇ ಓಡಿತು. ದೆಹಲಿ ದಂಡು ನಿಲ್ದಾಣದಿಂದ ರಾಜಸ್ಥಾನದ ಅಲ್ವರಿಗೆ ಹೋಗಿ, ಅಲ್ಲಿ ತಂಗಿ, ಸಾರಿಸ್ಕಾದ ವನ್ಯಧಾಮವನ್ನು ಕಂಡು, ಮರುದಿನ ಹಿಂದಿರುಗುವ ಎರಡು ದಿನಗಳ ಪ್ರವಾಸಕ್ಕೆ ಇದನ್ನು ನಿಯೋಜಿಸಲಾಯಿತು. ಐವತ್ತು ಅರವತ್ತು ಮಂದಿಗೆ ಮಾತ್ರ ಅವಕಾಶವಿದ್ದ ಆ ಬಂಡಿ 143 ಕಿಲೋಮೀಟರನ್ನು ಕ್ರಮಿಸಲು ಆರು ಗಂಟೆಗಳಷ್ಟು ಕಾಲವನ್ನು ತೆಗೆದುಕೊಳ್ಳುತ್ತಿತ್ತು. ಎಂಜಿನಿನ ಹೊಟ್ಟೆಯಡಿಯ ತೊಟ್ಟಿಯಲ್ಲಿ ಹಿಡಿಯುವುದು 3,000 ಲೀಟರ್ ನೀರು ಮಾತ್ರ. ದಾರಿಯಲ್ಲಿ ನಿಂತು ನೀರು ತುಂಬಿಕೊಳ್ಳದೆ ಮುಂದುವರಿಯುವಂತಿರಲಿಲ್ಲ. ವೇಗವನ್ನೇ ಗುಣವೆಂದು ತಿಳಿದ ಕಾಲದಲ್ಲಿ ಈ ನಿಧಾನವನ್ನೇ ಬಯಸಿ ದೇಶವಿದೇಶಗಳ ಜನ ಬಂದರು. 1998ರಲ್ಲಿ, ನಿಯತವಾಗಿ ಓಡುತ್ತಿರುವ ಜಗತ್ತಿನ ಅತ್ಯಂತ ಹಳೆಯ ಉಗಿ ಎಂಜಿನೆಂದು ಗಿನ್ನೆಸ್ ದಾಖಲೆಯ ಗ್ರಂಥವು ಇದನ್ನು ಮನ್ನಿಸಿತು. 1999ರಲ್ಲಿ ರಾಷ್ಟ್ರೀಯ ಪ್ರವಾಸೋದ್ಯಮ ಪ್ರಶಸ್ತಿಯೂ ಲಭಿಸಿತು.

ಕೀರ್ತಿಯು ರಕ್ಷಣೆಯಾಗಲಾರದೆಂಬುದಕ್ಕೂ ಇದರ ಕಥೆಯೇ ಸಾಕ್ಷಿ. ಓಡಾಟ ನಿಂತು ದೆಹಲಿಯ ಷೆಡ್ಡಿನಲ್ಲಿ ನಿಂತಿದ್ದ ಈ ಎಂಜಿನಿನ ಬಿಡಿಭಾಗಗಳನ್ನು ಕಳ್ಳರು ಕಿತ್ತೊಯ್ದರು. ಸಿಪಾಯಿದಂಗೆಯನ್ನೂ ಎರಡು ಮಹಾಯುದ್ಧಗಳನ್ನೂ ಪಾರಾದ ಯಂತ್ರ ಹಿತ್ತಾಳೆ ತಾಮ್ರಗಳ ಆಸೆಗೆ ಬಲಿಯಾಯಿತು. ಅಂಗಡಿಯಲ್ಲಿ ದೊರಕುವ ವಸ್ತುಗಳಲ್ಲ ಅವು. ಅಚ್ಚು ತೆಗೆದು, ಎರಕ ಹೊಯ್ದು, ಕೈಯಿಂದ ಉಜ್ಜಿ ಹೊಸದಾಗಿ ಮಾಡಬೇಕು. 2011ರಲ್ಲಿ ಎಂಜಿನು ಪುನಃ ಪೆರಂಬೂರಿನ ಹಾದಿ ಹಿಡಿಯಿತು. ಅಲ್ಲಿ ಎರಡನೆಯ ಬಾರಿ ಸಜ್ಜಾಗಿ 2012ರ ಡಿಸೆಂಬರಿನಲ್ಲಿ ಓಡಿತು. ಮತ್ತೊಂದು ವಿರಾಮದ ಬಳಿಕ 2017ರ ಫೆಬ್ರವರಿಯಲ್ಲಿ ದೆಹಲಿ ದಂಡು ಮತ್ತು ಹರಿಯಾಣದ ರೇವಾಡಿಗಳ ನಡುವೆ ಪ್ರವಾಸಿಗಳನ್ನು ಕೊಂಡೊಯ್ದಿತು. ರೇವಾಡಿಯಲ್ಲಿ 1893ರಲ್ಲಿ ಕಟ್ಟಿದ ಉಗಿ ಎಂಜಿನುಗಳ ಷೆಡ್ಡು ಪಾಳುಬೀಳದೆ, ಪಾರಂಪರಿಕ ಎಂಜಿನುಗಳ ಆಶ್ರಯಸ್ಥಾನವಾಗಿ ಉಳಿದುಬಂದಿದೆ. ಇದೇ ವರ್ಷದಲ್ಲಿ ಇದೇ ಕಾರ್ಖಾನೆಯಲ್ಲಿ ಹುಟ್ಟಿದ 21ನೆಯ ಸಂಖ್ಯೆಯ ಸೋದರ ಎಂಜಿನು ಬಹುಕಾಲ ಬಿಹಾರದ ಜಮಾಲಪುರ ಕಾರ್ಯಾಗಾರದಲ್ಲಿ ನಿಂತಿದ್ದು, 2010ರಲ್ಲಿ ಪೆರಂಬೂರಿನಲ್ಲಿಯೇ ಉದ್ಧಾರವಾಯಿತು.

ಅದೇ ಎಂಜಿನೇ?

ಇಲ್ಲಿ ವಿಚಾರಶೀಲರು ಒಂದು ಶಂಕೆಯನ್ನು ಎತ್ತುತ್ತಾರೆ. ನಳಿಗೆ ಹೊಸದು, ಬಿರಡೆ ಹೊಸದು, ಕಳವಾದ ಅಂಗಗಳ ಬದಲಿಗೆ ಕೂಡಿಸಿದ ಅಂಗಗಳೂ ಹೊಸವು. ಇಷ್ಟಾದ ಮೇಲೆ ಇದನ್ನು 1855ರ ಎಂಜಿನೆನ್ನಬಹುದೇ? ಶಂಕೆ ನ್ಯಾಯವಾದುದೇ. ಆದರೆ ದುಡಿಯುವ ಕಾಲದಲ್ಲೂ ಉಗಿ ಎಂಜಿನಿನ ನಳಿಗೆ, ಅಚ್ಚು, ಗಾಲಿಯ ಪಟ್ಟಿಗಳನ್ನು ಸವೆದಂತೆಲ್ಲ ಬದಲಿಸುತ್ತಲೇ ಇದ್ದರು. ಬದಲಾವಣೆಯಿಲ್ಲದೆ ಐವತ್ತನಾಲ್ಕು ವರ್ಷ ದುಡಿದ ಎಂಜಿನು ಎಲ್ಲಿಯೂ ಇಲ್ಲ. ನಮ್ಮ ಪ್ರಾಚೀನ ಕಾವ್ಯಗಳ ವಿಷಯವನ್ನೇ ನೋಡಬಹುದು. ಕವಿಯು ಸ್ವಹಸ್ತದಿಂದ ಬರೆದ ಓಲೆ ಎಂದೋ ಹುಡಿಯಾಯಿತು. ಇಂದು ಉಳಿದಿರುವುದು ಪ್ರತಿಯಿಂದ ಪ್ರತಿ ಮಾಡಿದ ಲಿಪಿಕಾರರ ಪರಂಪರೆಯಿಂದ. ಓಲೆ ಬೇರೆ, ಕಂಠ ಬೇರೆ. ಆದರೂ ಕಾವ್ಯ ಅದೇ. ಲಿಪಿಕಾರನು ಅಳಿಸಿಹೋದ ಅಕ್ಷರವನ್ನು ತನ್ನ ಮನಸ್ಸಿಗೆ ಬಂದಂತೆ ತುಂಬಿದರೆ ಮಾತ್ರ ಪಾಠ ಕೆಡುತ್ತದೆ. ಹಾಗೆಯೇ ಯಂತ್ರೋದ್ಧಾರಕನು ಯಾವುದು ಮೂಲ, ಯಾವುದು ತಾನು ಕೂಡಿಸಿದ್ದು ಎಂಬುದನ್ನು ಬರೆದಿಟ್ಟು, ಮೂಲದ ಅಳತೆಗೆ ನಿಷ್ಠನಾಗಿದ್ದರೆ ಅವನ ಕೆಲಸ ಪ್ರಾಮಾಣಿಕವಾದುದು.

ಇನ್ನೂ ಗಹನವಾದ ಸಂಗತಿ ಬೇರೊಂದಿದೆ. ವಸ್ತುವನ್ನು ಕಾಪಾಡಿದರೆ ಸಾಲದು, ಅದನ್ನು ನಡೆಸುವ ವಿದ್ಯೆಯೂ ಉಳಿಯಬೇಕು. ತಣ್ಣಗಿರುವ ಬಾಯ್ಲರನ್ನು ಹಲವು ಗಂಟೆಗಳ ಕಾಲ ನಿಧಾನವಾಗಿ ಕಾಯಿಸಬೇಕು. ಆತುರಪಟ್ಟರೆ ತಗಡುಗಳು ಏರುಪೇರಾಗಿ ಹಿಗ್ಗಿ ಬೆಸುಗೆಗಳು ಸಡಿಲವಾಗುತ್ತವೆ. ಕಲ್ಲಿದ್ದಲನ್ನು ರಾಶಿ ಹಾಕದೆ ತೆಳ್ಳಗೆ ಹರಡಬೇಕು. ಹೊಗೆಯ ಬಣ್ಣದಿಂದ ಬೆಂಕಿಯ ಹದವನ್ನು ಅರಿಯಬೇಕು. ಮುಂದೆ ಏರು ಬರುವುದೆಂದು ಮೊದಲೇ ತಿಳಿದು ನೀರನ್ನೂ ಒತ್ತಡವನ್ನೂ ಸಿದ್ಧಪಡಿಸಿಕೊಳ್ಳಬೇಕು. ಇವನ್ನು ಪುಸ್ತಕದಿಂದ ಓದಬಹುದು, ಕಲಿಯಲಾಗದು. ಬಲ್ಲವನ ಪಕ್ಕದಲ್ಲಿ ನಿಂತು, ಸನಿಕೆ ಹಿಡಿದು ಕಲಿಯಬೇಕು. ಅಗಲಹಳಿಯ ಉಗಿಸೇವೆ ನಿಂತು ಎರಡು ವರ್ಷ ತುಂಬುವ ಮೊದಲೇ ಈ ಎಂಜಿನು ಎಚ್ಚೆತ್ತದ್ದು ದೊಡ್ಡ ಅದೃಷ್ಟ. ಆಗ ಉಗಿಯನ್ನು ಬಲ್ಲ ಚಾಲಕರೂ ಬಾಯ್ಲರು ಕೆಲಸಗಾರರೂ ಇನ್ನೂ ಸೇವೆಯಲ್ಲಿದ್ದರು. ಮೂವತ್ತು ವರ್ಷ ತಡವಾಗಿದ್ದರೆ ಎಂಜಿನು ಇರುತ್ತಿತ್ತು, ಬೆಂಕಿಯಿಡುವ ಕೈ ಇರುತ್ತಿರಲಿಲ್ಲ.

ಹಾಗೆಂದು ಹಳೆಯದನ್ನೆಲ್ಲ ಓಡಿಸಲೇಬೇಕೆಂಬ ಹಠವೂ ಸಲ್ಲದು. ಒಂದು ಲಕ್ಷ ಉಸಿರಿನ ಪ್ರತಿಯೊಂದು ಯಾತ್ರೆಯೂ ರಾಷ್ಟ್ರೀಯ ನಿಧಿಯನ್ನು ತುಸು ಸವೆಸುತ್ತದೆ. ವರ್ಷಕ್ಕೆ ಕೆಲವೇ ಬಾರಿ ಓಡಿಸಿ, ಉಳಿದ ಕಾಲದಲ್ಲಿ ಜಾಗರೂಕತೆಯಿಂದ ಕಾಯ್ದು, ಪ್ರತಿ ಓಟದಲ್ಲೂ ಒಬ್ಬ ಹಿರಿಯನ ಜೊತೆಗೆ ಒಬ್ಬ ಕಿರಿಯನನ್ನು ನಿಲ್ಲಿಸಿದರೆ ಯಂತ್ರವೂ ಉಳಿಯುತ್ತದೆ, ವಿದ್ಯೆಯೂ ಉಳಿಯುತ್ತದೆ. ಓಡದ ಕಾಲದಲ್ಲಿ ಅದನ್ನು ಮರೆತುಬಿಟ್ಟರೆ ಏನಾಗುವುದೆಂಬುದನ್ನು ದೆಹಲಿಯ ಕಳವು ತೋರಿಸಿಕೊಟ್ಟಿದೆ.

ವಿದ್ಯಾಸಂಸ್ಥೆಗಳಿಗೆ ಈ ಕಥನ ಪರಕೀಯವಲ್ಲ. ಕಟ್ಟಡಗಳನ್ನು ಕಟ್ಟುವ ದಾನಿಗಳು, ಅವುಗಳೊಳಗೆ ಪಾಠ ಹೇಳುವ ಅಧ್ಯಾಪಕರು, ಕಲಿತು ಹೊರಹೋಗಿ ಮರಳಿ ನೆನೆಯುವ ಹಳೆಯ ವಿದ್ಯಾರ್ಥಿಗಳು, ಈ ಮೂವರೂ ಕೂಡಿದಲ್ಲಿ ಮಾತ್ರ ಶಾಲೆ ಬದುಕಿರುತ್ತದೆ. ಗೋಡೆಗಳು ಮಾತ್ರ ನಿಂತರೆ ಅದು ಪೀಠದ ಮೇಲಣ ಎಂಜಿನು. ಹಳೆಯ ವಿದ್ಯೆಯನ್ನು ಒಬ್ಬ ಬಲ್ಲವನು ಒಬ್ಬ ಬಾಲಕನಿಗೆ ಕೈಯಾರೆ ಒಪ್ಪಿಸುತ್ತಿರುವವರೆಗೆ ಅದರ ಕುಲುಮೆಯಲ್ಲಿ ಬೆಂಕಿಯಿರುತ್ತದೆ.